ಯುಗಾದಿಗೆ ಕೈತೋಟ ಆರಂಭಿಸುವುದು: ಈಗ ಯಾವ ತರಕಾರಿ ಬಿತ್ತಬೇಕು, ಹಣ್ಣಿನ ಗಿಡ ಯಾವಾಗ ನೆಡಬೇಕು?

ಪ್ರಶ್ನೆ
ಬರೆದವರು: ಹೊಸ ಕೈತೋಟ, ಬನಶಂಕರಿ

ಎಲ್ಲರಿಗೂ ನಮಸ್ಕಾರ. ಬನಶಂಕರಿ ಮೂರನೇ ಹಂತದಲ್ಲಿ 30×40ರ ನಿವೇಶನದಲ್ಲಿ ನಮ್ಮ ಮನೆ ಇದೆ. ಹಿತ್ತಿಲಿನಲ್ಲಿ ನಾಲ್ಕು ಅಡಿ ಅಗಲ, ಇಪ್ಪತ್ತು ಅಡಿ ಉದ್ದದ ಜಾಗವನ್ನು ಸಿಮೆಂಟ್ ಹಾಕಿಸದೆ ಮಣ್ಣಾಗಿಯೇ ಉಳಿಸಿಕೊಂಡಿದ್ದೇವೆ. ಅದಲ್ಲದೆ ತಾರಸಿ ಪೂರ್ತಿ ಖಾಲಿ ಇದೆ. ವಸಂತ ಋತುವಿನಲ್ಲಿಯೇ ತೋಟ ಆರಂಭಿಸಬೇಕು, ಅದಕ್ಕೆ ಎರಡು ತಿಂಗಳು ಮೊದಲೇ ಮನೆಯೊಳಗೆ ಸಸಿ ಮಾಡಿಕೊಳ್ಳಬೇಕು ಎಂದು ನಾನು ನೋಡಿದ ಯೂಟ್ಯೂಬ್ ವಿಡಿಯೋಗಳಲ್ಲೆಲ್ಲ ಹೇಳಿದ್ದರು. ಅದನ್ನು ನಂಬಿ ಎಲೆಕೋಸು, ಕ್ಯಾರೆಟ್, ಬಟಾಣಿ, ಲೆಟ್ಯೂಸ್ ಬೀಜಗಳನ್ನು ತರಿಸಿ ಜನವರಿ ಕೊನೆಯಲ್ಲಿ ಟ್ರೇಗಳಲ್ಲಿ ಬಿತ್ತಿದೆ.

ಎಲೆಕೋಸು ಐದೇ ದಿನಕ್ಕೆ ಮೊಳೆತು ಎರಡೆಲೆ ಬಿಟ್ಟಿತು. ಎರಡನೆಯ ವಾರದಲ್ಲಿ ಒಂದು ಬೆಳಿಗ್ಗೆ ನೋಡಿದರೆ ಅರ್ಧಕ್ಕರ್ಧ ಸಸಿಗಳು ಮಲಗಿಬಿಟ್ಟಿದ್ದವು. ಎಲೆ ಹಸಿರಾಗಿಯೇ ಇತ್ತು, ಕಾಂಡ ಮಾತ್ರ ಮಣ್ಣಿಗೆ ತಾಗುವ ಕಡೆ ನೆನೆದ ದಾರದಂತೆ ಸಣ್ಣಗಾಗಿತ್ತು. ನೀರು ಸಾಲದೇನೋ ಎಂದುಕೊಂಡು ದಿನಕ್ಕೆ ಎರಡು ಸಲ ಹಾಕತೊಡಗಿದೆ, ಉಳಿದವೂ ಹೋದವು. ಬಟಾಣಿ ಒಂದು ಗೇಣು ಬೆಳೆದು ತುದಿಯಿಂದ ಒಣಗುತ್ತಿದೆ.

ಯುಗಾದಿಗೆ ಇನ್ನು ಮೂರು ವಾರವಿದೆ. ಈಗ ಬಿತ್ತಿದರೆ ಕೈಗೆ ಹತ್ತುವ ತರಕಾರಿ ಯಾವುದು? ಹಣ್ಣಿನಲ್ಲಿ ಸೀಬೆ, ಪರಂಗಿ, ನಿಂಬೆ ಬೇಕೆಂಬ ಆಸೆ ನನ್ನದು, ಏಲಕ್ಕಿ ಬಾಳೆ ಇರಲೇಬೇಕೆಂಬ ಹಟ ನಮ್ಮ ಅತ್ತೆಯವರದು, ಮಗನಿಗೆ ಸ್ಟ್ರಾಬೆರಿ. ನಮ್ಮಲ್ಲಿ ಬೋರ್‌ವೆಲ್ ಇಲ್ಲ, ದಿನ ಬಿಟ್ಟು ದಿನ ಬರುವ ಕಾವೇರಿ ನೀರೊಂದೇ ಆಧಾರ. ಅನುಭವ ಇರುವವರು ದಯವಿಟ್ಟು ತಿಳಿಸಬೇಕು.

ಉತ್ತರ 1
ಬರೆದವರು: ಕೆಮ್ಮಣ್ಣು

ಮೇಡಂ, ಮೊದಲು ಸತ್ತ ಸಸಿಗಳ ವಿಷಯ. ಬುಡದಲ್ಲಿ ಕಾಂಡ ದಾರದಂತಾಗಿ ಸಸಿ ಮಲಗುವುದು ನೀರಿನ ಕೊರತೆಯಿಂದಲ್ಲ, ನೀರು ಹೆಚ್ಚಾದುದರಿಂದ. ಸದಾ ಒದ್ದೆಯಾಗಿರುವ ಟ್ರೇಯಲ್ಲಿ ಶಿಲೀಂಧ್ರ ಬೆಳೆದು ಎಳೆಯ ಕಾಂಡವನ್ನು ಕೊಳೆಸುತ್ತದೆ. ಆದ್ದರಿಂದ ನೀವು ಎರಡನೆಯ ಸಲ ಹಾಕಿದ ನೀರೇ ಉಳಿದವುಗಳಿಗೂ ಮುಳುವಾಯಿತು. ಆ ಮಿಶ್ರಣವನ್ನು ಮತ್ತೆ ಸಸಿ ಮಾಡಲು ಬಳಸಬೇಡಿ. ತಾರಸಿಯ ಮೇಲೆ ತೆಳ್ಳಗೆ ಹರಡಿ ಎರಡು ವಾರ ಬಿಸಿಲಿಗೆ ಒಣಗಿಸಿ, ಆಮೇಲೆ ದೊಡ್ಡ ಗಿಡಗಳ ಚೀಲಕ್ಕೆ ಸೇರಿಸಿ. ಇನ್ನು ಮುಂದೆ ಸಸಿ ಮಾಡುವಾಗ ಬೆಳಿಗ್ಗೆ ಒಂದು ಸಲ, ಅದೂ ಮೇಲ್ಮಣ್ಣು ಒಣಗಿದ್ದರೆ ಮಾತ್ರ ನೀರು ಚಿಮುಕಿಸಿ.

ಎರಡನೆಯದು, ನೀವು ನೋಡಿದ ವಸಂತ ನಮ್ಮೂರಿನದಲ್ಲ. ಹಿಮ ಬೀಳುವ ದೇಶಗಳಲ್ಲಿ ಕೊನೆಯ ಹಿಮ ಯಾವಾಗ ಎಂದು ಲೆಕ್ಕ ಹಾಕಿ, ಅದಕ್ಕೆ ಆರೆಂಟು ವಾರ ಮೊದಲು ಒಳಗೆ ಸಸಿ ಬೆಳೆಸಿ, ಮಣ್ಣು ಬೆಚ್ಚಗಾದ ಮೇಲೆ ಹೊರಗೆ ನೆಡುತ್ತಾರೆ. ಅಲ್ಲಿ ವಸಂತವೆಂದರೆ ಚಳಿ ಬಿಡುವ ಕಾಲ. ಬೆಂಗಳೂರಿನಲ್ಲಿ ಅದು ಬೇಸಿಗೆಯ ಬಾಗಿಲು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದೇವೆ ಎಂಬ ನಮ್ಮ ಹೆಮ್ಮೆ ಮಾರ್ಚ್, ಏಪ್ರಿಲ್‌ನಲ್ಲಿ ನಡೆಯುವುದಿಲ್ಲ. 2016ರ ಏಪ್ರಿಲ್ 24ರಂದು ಇದೇ ಊರಿನಲ್ಲಿ 39.2 ಡಿಗ್ರಿ ಸೆಲ್ಸಿಯಸ್ ದಾಖಲಾಗಿದೆ. ಎಲೆಕೋಸು, ಹೂಕೋಸು, ಕ್ಯಾರೆಟ್, ಬಟಾಣಿ, ಲೆಟ್ಯೂಸ್ ಇವೆಲ್ಲ ತಂಪು ಬೇಡುವ ಬೆಳೆಗಳು. ಗೌರಿ ಗಣೇಶ ಹಬ್ಬದಿಂದ ದೀಪಾವಳಿಯ ಒಳಗೆ ಬಿತ್ತಿದರೆ ಅವೇ ಬೀಜಗಳು ನಿಮಗೆ ಒಲಿಯುತ್ತವೆ. ಉಳಿದ ಬೀಜಗಳನ್ನು ಗಾಳಿಯಾಡದ ಸಣ್ಣ ಬಾಟಲಿಯಲ್ಲಿ ಹಾಕಿ ಫ್ರಿಜ್ಜಿನ ಕೆಳಖಾನೆಯಲ್ಲಿ ಇಡಿ. ಸ್ಟ್ರಾಬೆರಿಯೂ ಇದೇ ಗುಂಪಿನದು; ಸಸಿಯನ್ನು ಅಕ್ಟೋಬರಿನಲ್ಲಿ ಕೊಳ್ಳೋಣ ಎಂದು ಮಗನಿಗೆ ಹೇಳಿ.

ಈಗ ಬಿತ್ತಬೇಕಾದುದರಲ್ಲಿ ನನ್ನ ಮೊದಲ ಆಯ್ಕೆ ಬೆಂಡೆ, ಏಕೆಂದರೆ ಬಿಸಿಲು ಅದಕ್ಕೆ ಶತ್ರುವಲ್ಲ, ಗೊಬ್ಬರ. ಬೀಜವನ್ನು ರಾತ್ರಿಯಿಡೀ ನೆನೆಸಿ, ಹನ್ನೆರಡು ಇಂಚಿನ ಚೀಲಕ್ಕೆ ಎರಡೆರಡರಂತೆ ಅರ್ಧ ಇಂಚು ಆಳದಲ್ಲಿ ಊರಿ, ಮೊಳೆತ ಮೇಲೆ ಗಟ್ಟಿಯಾದ ಒಂದನ್ನು ಉಳಿಸಿ. ಸಸಿ ಕಿತ್ತು ನೆಡುವ ಗೋಜು ಬೇಡ. ಬೆಂಡೆಯ ತಾಯಿಬೇರಿಗೆ ಅದು ಆಗಿಬರುವುದಿಲ್ಲ. ಮಾರ್ಚ್ ಮೊದಲ ವಾರ ಬಿತ್ತಿದರೆ ಏಪ್ರಿಲ್ ಕೊನೆಯ ಹೊತ್ತಿಗೆ ಕಾಯಿ ಬರುತ್ತದೆ. ಎಲೆಯ ನರಗಳೆಲ್ಲ ಹಳದಿಯಾಗಿ, ನಡುವಿನ ಭಾಗ ಮಾತ್ರ ಹಸಿರಾಗಿ ಉಳಿದು ಬಲೆಯಂತೆ ಕಂಡರೆ ಅದು ಬಿಳಿನೊಣ ಹರಡುವ ನಂಜುರೋಗ. ಆ ಗಿಡಕ್ಕೆ ಮದ್ದಿಲ್ಲ, ಕನಿಕರ ತೋರದೆ ಕಿತ್ತುಹಾಕಬೇಕು. ಈ ರೋಗವನ್ನು ತಡೆದುಕೊಳ್ಳಲೆಂದೇ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಅರ್ಕಾ ಅನಾಮಿಕಾ ತಳಿಯನ್ನು ತಂದರು. ಅದು ಹೈಬ್ರಿಡ್ ತಳಿಯಲ್ಲವಾದ್ದರಿಂದ ಒಂದೆರಡು ಕಾಯಿಗಳನ್ನು ಗಿಡದಲ್ಲೇ ಒಣಗಲು ಬಿಟ್ಟು ಮುಂದಿನ ವರ್ಷಕ್ಕೆ ಬೀಜ ಮಾಡಿಕೊಳ್ಳಬಹುದು.

ಅಲಸಂದೆ, ಬದನೆ, ಮೆಣಸಿನಕಾಯಿ, ಹೀರೆ, ಸೋರೆ, ಹಾಗಲ ಇವಕ್ಕೂ ಈಗ ಕಾಲ. ಸೊಪ್ಪಿನಲ್ಲಿ ದಂಟು ಮತ್ತು ಕೀರೆ ಇಪ್ಪತ್ತೈದು ಮೂವತ್ತು ದಿನಕ್ಕೆ ಸಾರಿಗೆ ಬರುತ್ತವೆ. ಅವುಗಳ ಬೀಜ ಸಾಸಿವೆಗಿಂತ ಸಣ್ಣದು, ಮರಳಿನೊಂದಿಗೆ ಬೆರೆಸಿ ಎರಚದಿದ್ದರೆ ಒಂದೇ ಕಡೆ ಗುಂಪಾಗುತ್ತದೆ. ಎರಚಿದ ಮೇಲೆ ಇರುವೆಗಳು ಸಾಲುಗಟ್ಟಿ ಹೊತ್ತೊಯ್ಯುವುದು ಖಂಡಿತ. ಚೀಲದ ಅಂಚಿಗೆ ಒಂದು ಹಿಡಿ ಅಕ್ಕಿಹಿಟ್ಟು ಉದುರಿಸಿದರೆ ಅವು ಅದರಲ್ಲೇ ಮಗ್ನವಾಗುತ್ತವೆ, ನಿಮ್ಮ ಬೀಜ ಮೊಳೆಯುತ್ತದೆ. ನಮ್ಮ ತಾಯಿ ದೊಡ್ಡಬಳ್ಳಾಪುರದ ಹೊಲದ ಬದುವಿನಲ್ಲಿ ಮಾಡುತ್ತಿದ್ದ ಉಪಾಯವಿದು. ಕೊತ್ತಂಬರಿ ಬೇಸಿಗೆಯಲ್ಲಿ ಬೇಗ ಹೂವಿಗೆ ಹೋಗುತ್ತದೆ, ನೆರಳಿದ್ದರೆ ಮಾತ್ರ ಪ್ರಯತ್ನಿಸಿ.

ಟೊಮೆಟೊ ಬಗ್ಗೆ ನನ್ನ ಅಭಿಪ್ರಾಯ ಅನೇಕರಿಗೆ ಹಿಡಿಸುವುದಿಲ್ಲ: ಈಗ ಬೇಡ. ಏಪ್ರಿಲ್ ಬಿಸಿಲಿಗೆ ಪರಾಗ ಕೆಟ್ಟು ಹೂವು ತೊಟ್ಟಿನ ಗಂಟಿನಲ್ಲೇ ಕಳಚಿ ಬೀಳುತ್ತದೆ, ಜೊತೆಗೆ ಎಲೆ ಮುಟುರು ರೋಗ. ಅವರೆಯನ್ನೂ ಕೆಲವರು ಈಗ ಹಾಕುತ್ತಾರೆ. ನಾಟಿ ಅವರೆ ಹಗಲು ಕಿರಿದಾದ ಹೊರತು ಹೂ ಬಿಡುವುದಿಲ್ಲ, ಬಳ್ಳಿ ಸುಮ್ಮನೆ ಹಬ್ಬುತ್ತಲೇ ಇರುತ್ತದೆ. ಬೇಕೇ ಬೇಕೆಂದರೆ ಕೃಷಿ ವಿಶ್ವವಿದ್ಯಾನಿಲಯದ ಹೆಬ್ಬಾಳ ಅವರೆ 3 ಅಥವಾ 4 ತಳಿಯನ್ನು ಹುಡುಕಿ, ಅವಕ್ಕೆ ಹಗಲಿನ ಉದ್ದಗಿಡ್ಡದ ಹಂಗಿಲ್ಲ.

ಹಿತ್ತಿಲಿನ ಮಣ್ಣನ್ನು ಒಂದೂವರೆ ಅಡಿ ಅಗೆದು ನೋಡಿ. ಮನೆ ಕಟ್ಟಿಸಿದಾಗ ಉಳಿದ ಸಿಮೆಂಟ್ ಗಾರೆ, ಇಟ್ಟಿಗೆ ಚೂರು, ಟೈಲ್ಸ್ ತುಂಡುಗಳನ್ನು ಗಾರೆ ಕೆಲಸದವರು ಅಲ್ಲಿಯೇ ಹೂತಿರುವುದು ಈ ನಗರದ ವಾಡಿಕೆ. ಅದನ್ನು ತೆಗೆಯದೆ ಎಷ್ಟು ಗೊಬ್ಬರ ಸುರಿದರೂ ಗಿಡ ಹಳದಿಯಾಗಿಯೇ ನಿಲ್ಲುತ್ತದೆ.

ಉತ್ತರ 2
ಬರೆದವರು: ಬಕೆಟ್ ಲೆಕ್ಕ

ಕೆಮ್ಮಣ್ಣು ಅವರು ಬೀಜದಿಂದ ಆರಂಭಿಸಿದರು. ನಾನಾದರೆ ಬಕೆಟ್‌ನಿಂದ ಆರಂಭಿಸಿ ಎನ್ನುತ್ತೇನೆ. 2024ರ ಬೇಸಿಗೆಯನ್ನು ಯಾರೂ ಮರೆತಿರಲಾರರು. ಆ ಮಾರ್ಚ್‌ನಲ್ಲಿ ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೂ ವಾಹನ ತೊಳೆಯುವುದಕ್ಕೂ ಬಳಸಬಾರದೆಂದು ಆದೇಶಿಸಿ, ಮೀರಿದವರಿಗೆ 5,000 ರೂಪಾಯಿ ದಂಡ ಗೊತ್ತುಪಡಿಸಿತ್ತು. ನಲ್ಲಿ ನೀರನ್ನೇ ನಂಬಿ ಇಪ್ಪತ್ತೈದು ಚೀಲ ಇಟ್ಟಿದ್ದ ನಾನು ಆ ವರ್ಷ ಹದಿನೈದನ್ನು ಕೈಯಾರೆ ಒಣಗಿಸಬೇಕಾಯಿತು. ಹೂ ಬಿಟ್ಟಿದ್ದ ಹೀರೆ ಬಳ್ಳಿಗೆ ನೀರು ನಿಲ್ಲಿಸುವುದು ಎಷ್ಟು ಸಂಕಟದ ಕೆಲಸವೆಂದು ಮಾಡಿದವರಿಗೇ ಗೊತ್ತು.

ಆಮೇಲೆ ಒಂದು ವಾರ ಅಡುಗೆಮನೆಯಲ್ಲಿ ಬಕೆಟ್ ಇಟ್ಟು ಅಳೆದೆ. ಅಕ್ಕಿ, ಬೇಳೆ, ತರಕಾರಿ, ಸೊಪ್ಪು ತೊಳೆದ ನೀರು ನಮ್ಮ ನಾಲ್ವರ ಮನೆಯಲ್ಲಿ ದಿನಕ್ಕೆ ಹತ್ತು ಲೀಟರ್‌ಗೆ ಕಡಿಮೆ ಇರಲಿಲ್ಲ. ಸೊಪ್ಪು ತಂದ ದಿನ ಹದಿನೈದು. ಏಪ್ರಿಲ್‌ನಲ್ಲಿ ಹನ್ನೆರಡು ಇಂಚಿನ ಚೀಲವೊಂದಕ್ಕೆ ನಾನು ದಿನಕ್ಕೆ ಸುಮಾರು ಒಂದು ಲೀಟರ್ ಹಾಕುತ್ತೇನೆ. ಹಾಗಾಗಿ ನಮ್ಮ ಮನೆಗೆ ಹತ್ತು ಚೀಲ, ಅದಕ್ಕಿಂತ ಒಂದೂ ಹೆಚ್ಚಿಲ್ಲ. ನೀವೂ ಬೀಜ ಕೊಳ್ಳುವ ಮೊದಲು ಒಂದು ವಾರ ಅಳೆಯಿರಿ.

ಎರಡು ನೀರಿನ ಬಗ್ಗೆ ಎಚ್ಚರ ಬೇಕು. ಕುಡಿಯುವ ನೀರು ಶುದ್ಧೀಕರಿಸುವ ಆರ್‌ಒ ಯಂತ್ರ ಬೇಡವೆಂದು ಹೊರಹಾಕುವ ನೀರಿನಲ್ಲಿ ಲವಣಾಂಶ ಹೆಚ್ಚು. ಅದನ್ನೇ ಹಾಕುತ್ತಾ ಹೋದರೆ ಕೆಲವೇ ತಿಂಗಳಲ್ಲಿ ಮಣ್ಣಿನ ಮೇಲೆ ಬೂದುಬಿಳುಪಿನ ಪೊರೆ ಕಟ್ಟಿ, ಎಲೆಯ ಅಂಚು ಸುಟ್ಟಂತೆ ಕಂದಾಗುತ್ತದೆ. ಅಕ್ಕಿ ತೊಳೆದ ನೀರಿನೊಂದಿಗೆ ಸಮಸಮ ಬೆರೆಸಿ, ಅದೂ ಎಲ್ಲ ದಿನವೂ ಅಲ್ಲದೆ, ಬಳಸಬಹುದು. ವಾಷಿಂಗ್ ಮೆಷಿನ್‌ನ ಮೊದಲ ನೀರು ಬೇಡವೇ ಬೇಡ. ಕೊನೆಯ ಸಲ ಜಾಲಿಸಿದ ನೀರನ್ನು ಬಾಳೆಗೆ ಬಿಡಬಹುದು, ಸೊಪ್ಪಿಗೆ ಬಿಡಬಾರದು.

ಇದ್ದ ನೀರು ಉಳಿಯಬೇಕಾದರೆ ಮಣ್ಣಿಗೆ ಹೊದಿಕೆ ಬೇಕು. ಈ ದಿನಗಳಲ್ಲಿ ರಸ್ತೆಯ ಹೊಂಗೆ ಮರಗಳು ಎಲೆ ಉದುರಿಸಿ ಚಿಗುರುತ್ತವೆ. ಪೌರಕಾರ್ಮಿಕರು ಗುಡಿಸಿ ಮೂಲೆಯಲ್ಲಿ ರಾಶಿ ಮಾಡಿದ ಎಲೆಗಳನ್ನು ಕೇಳಿದರೆ ಸಂತೋಷದಿಂದ ಕೊಡುತ್ತಾರೆ, ನಮ್ಮ ಬೀದಿಯಾಕೆ ಚೀಲ ಹಿಡಿದು ತುಂಬಿಸಿಯೇ ಕೊಟ್ಟರು. ಮೂರು ಇಂಚು ದಪ್ಪ ಹರಡಿ, ಕಾಂಡದ ಸುತ್ತ ಮಾತ್ರ ಎರಡು ಬೆರಳು ಜಾಗ ಬಿಡಿ. ಮಧ್ಯಾಹ್ನ ಹೊದಿಕೆಯ ಕೆಳಗೆ ಬೆರಳಿಟ್ಟರೆ ಮಣ್ಣು ತಣ್ಣಗಿರುತ್ತದೆ. ಬರಿಯ ಚೀಲದಲ್ಲಿ ಅದೇ ಮಣ್ಣು ಬೆರಳು ಇಡಲಾಗದಷ್ಟು ಕಾದಿರುತ್ತದೆ. ಕಪ್ಪು ಚೀಲಗಳನ್ನು ಬೇಸಿಗೆಯಲ್ಲಿ ಬಳಸಲೇಬೇಡಿ ಎಂಬುದು ನನ್ನ ಸಲಹೆ.

ತಾರಸಿಯ ಭಾರದ ಬಗ್ಗೆಯೂ ಹೇಳಬೇಕು. 15 ಇಂಚು ಅಗಲ, 15 ಇಂಚು ಎತ್ತರದ ಚೀಲ ಸುಮಾರು 40 ಲೀಟರ್ ಹಿಡಿಯುತ್ತದೆ. ಬರೀ ಕೆಮ್ಮಣ್ಣು ತುಂಬಿ ನೀರುಣಿಸಿದರೆ ಅದೊಂದೇ ಅರವತ್ತು ಕಿಲೋ ದಾಟುತ್ತದೆ. ಅರ್ಧದಷ್ಟು ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಎರೆಗೊಬ್ಬರ ಬೆರೆಸಿ, ಚೀಲಗಳನ್ನು ನಡುತಾರಸಿಯಲ್ಲಿ ಗುಂಪು ಹಾಕದೆ ಕೆಳಗೆ ತೊಲೆ ಅಥವಾ ಗೋಡೆ ಇರುವ ಅಂಚಿನಲ್ಲಿ ಇಟ್ಟಿಗೆಗಳ ಮೇಲೆ ಸಾಲಾಗಿ ಇಡಿ.

ಉತ್ತರ 3
ಬರೆದವರು: ಸೀಬೆ ಮರದಡಿ

ಹಣ್ಣಿನ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಹಣ್ಣಿನ ಗಿಡಕ್ಕೆ ಈಗ ಮಾಡಬೇಕಾದದ್ದು ನೆಡುವುದಲ್ಲ, ಗುಂಡಿ ತೋಡುವುದು. ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳದ ಗುಂಡಿ ತೆಗೆದು ಮಾರ್ಚ್, ಏಪ್ರಿಲ್ ಬಿಸಿಲಿಗೆ ಬಿಡಿ. ಮಣ್ಣು ಕಾದು ಹುಳು ಮೊಟ್ಟೆ, ಕಳೆ ಬೀಜ ಬಹುಪಾಲು ಸಾಯುತ್ತವೆ. ಅಶ್ವಿನಿ, ಭರಣಿ ಮಳೆ ಬಂದು ಗುಂಡಿ ಒಮ್ಮೆ ನೆನೆದ ಮೇಲೆ ಮೇಲ್ಮಣ್ಣು, ಕೊಟ್ಟಿಗೆ ಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ ಸೇರಿಸಿ ಮುಚ್ಚಿ, ಮೇ ಕೊನೆಯಲ್ಲಿ ರೋಹಿಣಿ ಮಳೆಯ ಹೊತ್ತಿಗೆ ನೆಡಿ. ಇನ್ನೂ ತಡ ಮಾಡಿದರೆ ಆಷಾಢದ ಗಾಳಿ ಶುರುವಾಗುತ್ತದೆ. ಗಾಳಿಪಟಕ್ಕೆ ಹಬ್ಬವಾದ ಆ ಗಾಳಿ ಹೊಸದಾಗಿ ನೆಟ್ಟ ಗಿಡದ ಬುಡವನ್ನು ಹಗಲಿರುಳು ಅಲುಗಾಡಿಸಿ ಎಳೆಯ ಬೇರುಗಳನ್ನು ಹರಿಯುತ್ತದೆ. ಯಾವಾಗ ನೆಟ್ಟರೂ ಊರುಗೋಲು ಕಟ್ಟುವುದನ್ನು ಮರೆಯಬೇಡಿ.

ಸೀಬೆಯನ್ನು ಕೊಳ್ಳುವಾಗ ಕಸಿ ಅಥವಾ ಗೂಟಿ (ಮರದಲ್ಲಿರುವಾಗಲೇ ಕೊಂಬೆಗೆ ಬೇರು ಬರಿಸಿ ಮಾಡಿದ) ಗಿಡವೇ ಎಂದು ಕಣ್ಣಾರೆ ನೋಡಿ ಕೊಳ್ಳಿ. ರಸ್ತೆಬದಿಯ ನರ್ಸರಿಯೊಂದರಲ್ಲಿ ಕಸಿ ಗಿಡವೆಂದು ಇನ್ನೂರೈವತ್ತು ರೂಪಾಯಿ ತೆತ್ತು ತಂದ ನನ್ನ ಮೊದಲ ಸೀಬೆ ನಾಲ್ಕು ವರ್ಷ ಬರೀ ಎಲೆ ಬಿಟ್ಟಿತು. ಬುಡವನ್ನು ಸರಿಯಾಗಿ ನೋಡಿದರೆ ಕಸಿಯ ಗಂಟೇ ಇರಲಿಲ್ಲ, ಬೀಜದ ಗಿಡ. ಕಸಿ ಮಾಡಿದ ಗಿಡದಲ್ಲಿ ನೆಲದಿಂದ ಒಂದು ಗೇಣಿನೊಳಗೆ ಕಾಂಡ ಸ್ವಲ್ಪ ಉಬ್ಬಿ, ಮೇಲಿನ ಮತ್ತು ಕೆಳಗಿನ ತೊಗಟೆಯ ಬಣ್ಣ ಬೇರೆಯಾಗಿ ಕಾಣುತ್ತದೆ. ಆ ಗಂಟು ಮಣ್ಣಿನೊಳಗೆ ಹೂತುಹೋಗದಂತೆ ನೆಡಬೇಕು, ಅದರ ಕೆಳಗಿನಿಂದ ಒಡೆಯುವ ಚಿಗುರನ್ನು ಕಂಡಾಗಲೆಲ್ಲ ಮುರಿಯಬೇಕು. ಮೊದಲ ವರ್ಷದ ಹೂವುಗಳನ್ನು ಕಿತ್ತುಹಾಕುವಷ್ಟು ಕಲ್ಲುಮನಸ್ಸು ಇರಲಿ. ಸಿದ್ದಾಪುರದ ನರ್ಸರಿಗಳ ಸಾಲಿಗೆ ಹೋದರೆ ಹತ್ತಾರು ಗಿಡಗಳನ್ನು ಹೋಲಿಸಿ ನೋಡಬಹುದು. ಲಾಲ್‌ಬಾಗ್‌ಗೆ ಅಂಟಿಕೊಂಡೇ ಇರುವುದರಿಂದ ನಿಮಗೂ ದೂರವಲ್ಲ.

ಆದರೆ ಎಲ್ಲವನ್ನೂ ಮಳೆಗಾಲಕ್ಕೆ ಮುಂದೂಡಬೇಕಿಲ್ಲ. ಪರಂಗಿ ಬೀಜವನ್ನು ಈಗಲೇ ಸಣ್ಣ ಕವರುಗಳಲ್ಲಿ ಹಾಕಿದರೆ ಮೇ ಕೊನೆಗೆ ನೆಡಲು ಗಿಡ ಸಿದ್ಧವಾಗಿರುತ್ತದೆ. ತಿಂದ ಹಣ್ಣಿನ ಬೀಜವಾದರೆ ಗಂಡು ಹೆಣ್ಣು ತಿಳಿಯದು, ಆದ್ದರಿಂದ ಒಂದೇ ಗುಂಡಿಯಲ್ಲಿ ಮೂರು ನೆಟ್ಟು ಹೂ ಬಂದ ಮೇಲೆ ಒಂದನ್ನು ಉಳಿಸಬೇಕು. ಉದ್ದನೆಯ ಕವಲುಗಳಲ್ಲಿ ಗೊಂಚಲಾಗಿ ಜೋತುಬೀಳುವ ಹೂವು ಗಂಡು, ಕಾಂಡಕ್ಕೆ ಅಂಟಿಕೊಂಡು ಕೂತದ್ದು ಹೆಣ್ಣು ಅಥವಾ ದ್ವಿಲಿಂಗಿ. ನೀರು ನಿಂತರೆ ಪರಂಗಿಯ ಬುಡ ಕೊಳೆಯುವುದರಿಂದ ಅದನ್ನು ಸ್ವಲ್ಪ ದಿಬ್ಬದ ಮೇಲೆ ನೆಡಿ.

ನಿಮ್ಮ ಅತ್ತೆಯವರ ಹಟ ಸರಿಯಾದದ್ದೇ. ಬಚ್ಚಲ ನೀರು ಹೋಗುವ ಕಡೆ ಬಾಳೆ ನೆಡುತ್ತಿದ್ದ ಹಿರಿಯರಿಗೆ ಅದರ ದಾಹ ಗೊತ್ತಿತ್ತು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ಸಂಪಿನಿಂದ ದೂರವಾಗಿ, ಕತ್ತಿಯಂತೆ ಕಿರಿದಾದ ಎಲೆಯ ಕಂದನ್ನು (ತಾಯಿಬಾಳೆಯ ಬುಡದಲ್ಲಿ ಏಳುವ ಮರಿಗಿಡ) ಆರಿಸಿ ನೆಡಿ. ಅಗಲ ಎಲೆಯ ಕಂದು ನೋಡಲು ಚೆಂದ, ಆದರೆ ಅದರ ಗೆಡ್ಡೆಯಲ್ಲಿ ಸತ್ವ ಕಡಿಮೆ. ಗೊನೆ ಬರಲು ಒಂದು ವರ್ಷದ ಮೇಲೆ ಬೇಕಾಗುತ್ತದೆ. ನಾಲ್ಕಡಿ ಅಗಲದ ಜಾಗದಲ್ಲಿ ಮಾವು, ಹಲಸಿನ ಯೋಚನೆ ಮಾತ್ರ ಮಾಡಬೇಡಿ, ಪಕ್ಕದ ಮನೆಯವರೊಂದಿಗೆ ಮಾತು ನಿಲ್ಲುತ್ತದೆ.

ನಿಂಬೆ ತಾರಸಿಯ ಅರ್ಧ ಡ್ರಮ್ಮಿನಲ್ಲೂ ಬದುಕುತ್ತದೆ. ಎಲೆಯ ಮೇಲೆ ಹಕ್ಕಿ ಹಿಕ್ಕೆಯಂತೆ ಕಪ್ಪು ಬಿಳುಪಾಗಿ ಏನಾದರೂ ಕಂಡರೆ ಕಡ್ಡಿಯಿಂದ ಮುಟ್ಟಿ ನೋಡಿ. ಅಲುಗಿದರೆ ಅದು ನಿಂಬೆ ಚಿಟ್ಟೆಯ ಹುಳು. ಸಣ್ಣ ಗಿಡವನ್ನು ನಾಲ್ಕೈದು ಹುಳುಗಳು ಒಂದು ವಾರದಲ್ಲಿ ಬೋಳಿಸಬಲ್ಲವು. ನಾನು ಅವನ್ನು ಕೊಲ್ಲದೆ ಎತ್ತಿ ಕರಿಬೇವಿನ ಗಿಡಕ್ಕೆ ಬಿಡುತ್ತೇನೆ, ಅದನ್ನೂ ಅವು ತಿನ್ನುತ್ತವೆ. ನಮ್ಮ ಮನೆಯವರಿಗೆ ಈ ಔದಾರ್ಯ ಇಷ್ಟವಿಲ್ಲ.

ಮರುಪ್ರಶ್ನೆ
ಬರೆದವರು: ಹೊಸ ಕೈತೋಟ, ಬನಶಂಕರಿ

ಮೂವರಿಗೂ ಅನಂತ ಧನ್ಯವಾದಗಳು. ನಿನ್ನೆ ಹಿತ್ತಿಲಿನ ಒಂದು ಮೂಲೆ ಅಗೆಸಿದೆವು. ಮುಕ್ಕಾಲು ಅಡಿಗೇ ಗಾರೆಯ ಹೆಂಟೆಗಳು, ಒಂದು ಮುರಿದ ಬಾಂಡ್ಲಿ, ಅರ್ಧ ಚೀಲ ಗಟ್ಟಿಯಾದ ಸಿಮೆಂಟ್ ಸಿಕ್ಕಿತು. ಅದನ್ನು ಸಾಗಿಸುವವರೆಗೆ ಗುಂಡಿಯ ಕೆಲಸ ನಿಂತಿದೆ. ಬಕೆಟ್ ಇಟ್ಟು ನಾಲ್ಕು ದಿನವಾಯಿತು, ನಮ್ಮಲ್ಲಿ ದಿನಕ್ಕೆ ಎಂಟು ಲೀಟರ್ ಆಸುಪಾಸು ಬರುತ್ತಿದೆ. ಎಂಟು ಚೀಲಗಳಲ್ಲಿ ನಾಲ್ಕು ಬೆಂಡೆ, ಎರಡು ಸೊಪ್ಪು, ಒಂದು ಬದನೆ, ಒಂದು ಸೋರೆ ಎಂದುಕೊಂಡಿದ್ದೇನೆ. ಆದರೆ ನಮ್ಮ ಎದುರುಮನೆಯವರ ಸೋರೆ ಬಳ್ಳಿಯಲ್ಲಿ ಕಳೆದ ವರ್ಷ ಪಿಂದೆಗಳೆಲ್ಲ ಹೆಬ್ಬೆರಳಿನಷ್ಟಾಗಿ ಹಳದಿಗೆ ತಿರುಗಿ ಉದುರಿದವು. ಒಂದೇ ಬಳ್ಳಿ ಇಟ್ಟರೆ ಹಾಗಾಗುತ್ತದೆಯೇ?

ಉತ್ತರ 4
ಬರೆದವರು: ಕೆಮ್ಮಣ್ಣು

ಒಂದೇ ಬಳ್ಳಿ ಸಾಕು ಮೇಡಂ, ಗಂಡು ಹೂವು, ಹೆಣ್ಣು ಹೂವು ಎರಡೂ ಅದರಲ್ಲಿಯೇ ಬರುತ್ತವೆ. ಮೊದಲ ಒಂದೆರಡು ವಾರ ಗಂಡು ಹೂವು ಮಾತ್ರ ಬಂದರೆ ಗಾಬರಿಯಾಗಬೇಡಿ. ಎದುರುಮನೆಯವರ ಪಿಂದೆ ಉದುರಿದ್ದು ಬಹುಶಃ ಪರಾಗ ಸೇರದೆ. ಸೋರೆಯ ಬಿಳಿ ಹೂವು ಅರಳುವುದು ಸಂಜೆಗೆ. ಆ ಹೊತ್ತಿಗೆ ಜೇನುಹುಳುಗಳು ಗೂಡು ಸೇರಿರುತ್ತವೆ, ಹಳ್ಳಿಯಲ್ಲಾದರೆ ಇರುಳು ಹಾರುವ ಪತಂಗಗಳು ಆ ಕೆಲಸ ಮಾಡುತ್ತವೆ. ಮೂರನೆಯ ಮಹಡಿಯ ತಾರಸಿಗೆ, ಅದೂ ಬೀದಿದೀಪದ ಬೆಳಕಿನಲ್ಲಿ, ಅವು ಬರುವುದನ್ನು ನಾನು ಕಂಡಿಲ್ಲ.

ಆದ್ದರಿಂದ ಆ ಕೆಲಸ ನಿಮ್ಮದು. ಸಂಜೆ ಆರೂವರೆಯ ನಂತರ ಉದ್ದ ತೊಟ್ಟಿನ ಗಂಡು ಹೂವೊಂದನ್ನು ಕಿತ್ತು, ಎಸಳುಗಳನ್ನು ಹಿಂದಕ್ಕೆ ಮಡಚಿ, ನಡುವಿನ ಹಳದಿ ಪರಾಗದ ತುದಿಯನ್ನು ಹೆಣ್ಣು ಹೂವಿನ ನಡುವೆ ಮೆಲ್ಲಗೆ ಮೂರು ನಾಲ್ಕು ಸಲ ಒತ್ತಿ. ಹೆಣ್ಣು ಹೂವಿನ ಕೆಳಗೆ ನವಿರಾದ ರೋಮವಿರುವ ಪುಟ್ಟ ಸೋರೆಯೇ ಇರುವುದರಿಂದ ಗುರುತು ತಪ್ಪುವುದಿಲ್ಲ. ಪರಾಗ ಸೇರಿದ್ದರೆ ಮೂರನೆಯ ದಿನಕ್ಕೆ ಪಿಂದೆ ತೊಟ್ಟು ಬಗ್ಗಿಸಿ ಕೆಳಮುಖವಾಗಿ ಉಬ್ಬತೊಡಗುತ್ತದೆ. ಹೀರೆಯ ಹೂವೂ ಸಂಜೆಯದೇ. ಕುಂಬಳ, ಹಾಗಲ ಬೆಳಗಿನವು, ಅವನ್ನು ಜೇನುಹುಳುಗಳು ನೋಡಿಕೊಳ್ಳುತ್ತವೆ.

ಎಂಟು ಚೀಲದ ಲೆಕ್ಕದಲ್ಲಿ ಒಂದು ತಿದ್ದುಪಡಿ: ಸೋರೆಗೆ ಹನ್ನೆರಡು ಇಂಚು ಸಾಲದು, ದೊಡ್ಡ ಚೀಲವೇ ಬೇಕು, ಚಪ್ಪರ ತುಂಬಿದ ಮೇಲೆ ದಿನಕ್ಕೆ ಮೂರು ಲೀಟರ್ ನೀರನ್ನು ಅದೊಂದೇ ಕುಡಿಯುತ್ತದೆ. ಬೆಂಡೆಯಲ್ಲಿ ಎರಡು ಚೀಲ ಕಡಿಮೆ ಮಾಡಿಕೊಳ್ಳಿ.